ಕ್ಯಾಥೊಲಿಕ್ ಹೈಸ್ಕೂಲೋ, ಪಬ್ಲಿಕ್ ಹೈಸ್ಕೂಲೋ: ಅಮೆರಿಕದಲ್ಲಿ ಒಂಬತ್ತನೇ ತರಗತಿಗೆ ಮುನ್ನ ನಿರ್ಧರಿಸುವ ಬಗೆ

ಮಗನೋ ಮಗಳೋ ಏಳನೇ ತರಗತಿ ಮುಗಿಸುವ ಹೊತ್ತಿಗೆ ಅಮೆರಿಕದಲ್ಲಿ ನೆಲೆಸಿರುವ ಅನೇಕ ಕನ್ನಡ ಮನೆಗಳಲ್ಲಿ ಹೈಸ್ಕೂಲಿನ, ಅಂದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗಿನ ನಾಲ್ಕು ವರ್ಷಗಳ, ಮಾತು ಶುರುವಾಗುತ್ತದೆ. ಮನೆಯ ವಿಳಾಸಕ್ಕೆ ಸೇರಿದ ಪಬ್ಲಿಕ್ ಹೈಸ್ಕೂಲೇ ಸಾಕು ಎಂದು ಒಬ್ಬರು ಹೇಳಿದರೆ, ಹತ್ತಿರದ ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ ಶಿಸ್ತು ಚೆನ್ನಾಗಿದೆಯಂತೆ ಎಂದು ಇನ್ನೊಬ್ಬರು ಹೇಳುತ್ತಾರೆ. ಈ ಚರ್ಚೆ ದಾರಿ ತಪ್ಪುವುದು ಎಷ್ಟೋ ಸಲ ಪದಗಳಿಂದಲೇ. ಭಾರತದಲ್ಲಿ 'ಪಬ್ಲಿಕ್ ಸ್ಕೂಲ್' ಎಂಬ ಫಲಕ ಕಾಣುವುದು ಖಾಸಗಿ ಶಾಲೆಗಳ ಬಾಗಿಲಲ್ಲಿ. 'ಕಾನ್ವೆಂಟ್' ಎಂದರೆ ಇಂಗ್ಲಿಷ್ ಮಾಧ್ಯಮ, 'ಸರ್ಕಾರಿ ಶಾಲೆ' ಎಂದರೆ ಬೇರೆ ದಾರಿ ಇಲ್ಲದವರದು ಎಂಬ ಭಾವನೆಯನ್ನೂ ನಾವು ಅರಿವಿಲ್ಲದೆ ಹೊತ್ತು ತಂದಿರುತ್ತೇವೆ. ಅಮೆರಿಕದ ಪಬ್ಲಿಕ್ ಹೈಸ್ಕೂಲು ಆ ಅರ್ಥದ ಸರ್ಕಾರಿ ಶಾಲೆಯಲ್ಲ, ಅಲ್ಲಿನ ಕ್ಯಾಥೊಲಿಕ್ ಹೈಸ್ಕೂಲು ನಮ್ಮ ನೆನಪಿನ ಕಾನ್ವೆಂಟೂ ಅಲ್ಲ. ಆದ್ದರಿಂದ ಎರಡು ಬಗೆಯ ಶಾಲೆಗಳಲ್ಲಿ ಯಾವುದು ಮೇಲು ಎಂದು ಕೇಳುವುದನ್ನು ಬಿಟ್ಟು, ಹೆಸರು, ವಿಳಾಸ, ವೇಳಾಪಟ್ಟಿ ಇರುವ ಎರಡು ನಿರ್ದಿಷ್ಟ ಶಾಲೆಗಳನ್ನು ನಿಮ್ಮ ಒಂದು ಮಗುವಿನ ಪಕ್ಕದಲ್ಲಿಟ್ಟು ನೋಡಬೇಕು.

ಯಾರ ಶಾಲೆ, ಯಾರ ಹಣ

ಪಬ್ಲಿಕ್ ಹೈಸ್ಕೂಲಿನ ಖರ್ಚು ಮುಖ್ಯವಾಗಿ ಸ್ಥಳೀಯ ತೆರಿಗೆ ಮತ್ತು ರಾಜ್ಯದ ಅನುದಾನದಿಂದ ಬರುತ್ತದೆ. ಕೇಂದ್ರ ಸರ್ಕಾರದ ಪಾಲು ಚಿಕ್ಕದು. ಸ್ಥಳೀಯ ಪಾಲಿನಲ್ಲಿ ಹೆಚ್ಚಿನದು ಆಸ್ತಿ ತೆರಿಗೆಯಾದ್ದರಿಂದ, ಒಳ್ಳೆಯ ಶಾಲೆಯ ಗಡಿಯೊಳಗೆ ಹೆಚ್ಚು ಬೆಲೆ ಕೊಟ್ಟು ಮನೆ ಕೊಂಡವರು ಆ ಶಾಲೆಯ ಶುಲ್ಕವನ್ನು ಒಂದು ರೀತಿಯಲ್ಲಿ ಈಗಾಗಲೇ ಕಟ್ಟುತ್ತಿದ್ದಾರೆ. ಗಡಿಯೊಳಗೆ ವಾಸಿಸುವ ಮಗುವಿಗೆ ಸ್ಕೂಲ್ ಡಿಸ್ಟ್ರಿಕ್ಟ್ (ಆ ಪ್ರದೇಶದ ಪಬ್ಲಿಕ್ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) ಶಿಕ್ಷಣವನ್ನು ನಿರಾಕರಿಸುವಂತಿಲ್ಲ. ಕೆಲಸದ ವೀಸಾದಲ್ಲಿ ಬಂದವರ ಕುಟುಂಬಕ್ಕೆ ಸಿಗುವ ಎಚ್-4 ವೀಸಾದಲ್ಲಿರುವ ಮಕ್ಕಳೂ ಶುಲ್ಕವಿಲ್ಲದೆ ಓದಬಹುದು. ಓದಲೆಂದೇ ಎಫ್-1 ವೀಸಾದಲ್ಲಿ ಬರುವ ವಿದ್ಯಾರ್ಥಿಗಳಿಗೆ ನಿಯಮ ಬೇರೆ: ಅವರು ಪಬ್ಲಿಕ್ ಹೈಸ್ಕೂಲಿನಲ್ಲಿ ಒಟ್ಟು 12 ತಿಂಗಳು ಮಾತ್ರ, ಅದೂ ಪೂರ್ಣ ವೆಚ್ಚ ಕಟ್ಟಿ ಓದಬಹುದು, ಖಾಸಗಿ ಶಾಲೆಗೆ ಆ ಮಿತಿ ಇಲ್ಲ.

ಕ್ಯಾಥೊಲಿಕ್ ಹೈಸ್ಕೂಲು ಖಾಸಗಿ ಶಾಲೆ. ಅದನ್ನು ಧರ್ಮಪ್ರಾಂತ್ಯ (ಬಿಷಪ್ ಒಬ್ಬರ ಆಡಳಿತದ ಪ್ರದೇಶ) ನಡೆಸುತ್ತಿರಬಹುದು, ಒಂದು ಧರ್ಮಕೇಂದ್ರ (ಸ್ಥಳೀಯ ಚರ್ಚು) ನಡೆಸುತ್ತಿರಬಹುದು, ಇಲ್ಲವೇ ಯೇಸುಸಭೆ (ಜೆಸ್ಯೂಟರು), ಡೊಮಿನಿಕನ್, ಸಲೇಸಿಯನ್, ದ ಲಾ ಸಾಲ್ ಬ್ರದರ್ಸ್, ಮರ್ಸಿ ಸಿಸ್ಟರ್ಸ್‌ನಂತಹ ಧಾರ್ಮಿಕ ಸಭೆಯೊಂದು ಸ್ಥಾಪಿಸಿರಬಹುದು. ಇದು ಕೇವಲ ಹೆಸರಿನ ವ್ಯತ್ಯಾಸವಲ್ಲ. ಶುಲ್ಕ ಎಷ್ಟು, ಪ್ರಾಂಶುಪಾಲರು ಯಾರು, ದಾಖಲಾತಿ ಕುಸಿದರೆ ಶಾಲೆ ಉಳಿಯುತ್ತದೆಯೇ ಎಂಬುದನ್ನೆಲ್ಲ ಆ ಒಡೆತನವೇ ತೀರ್ಮಾನಿಸುತ್ತದೆ. 1960ರ ದಶಕದ ಮೊದಲರ್ಧದಲ್ಲಿ ದೇಶದ ಕ್ಯಾಥೊಲಿಕ್ ಶಾಲೆಗಳಲ್ಲಿದ್ದ ಮಕ್ಕಳ ಸಂಖ್ಯೆ 50 ಲಕ್ಷ ದಾಟಿತ್ತು. ಈಗ ಅದು ಸುಮಾರು 17 ಲಕ್ಷ. ಪಾಠ ಹೇಳುತ್ತಿದ್ದ ಧರ್ಮಭಗಿನಿಯರು (ನನ್‌ಗಳು) ಮತ್ತು ಪಾದ್ರಿಗಳ ಜಾಗಕ್ಕೆ ಸಂಬಳದ ಶಿಕ್ಷಕರು ಬಂದದ್ದು, ಕ್ಯಾಥೊಲಿಕ್ ಕುಟುಂಬಗಳು ನಗರ ಬಿಟ್ಟು ಹೊರವಲಯಗಳಿಗೆ ಹೋದದ್ದು, ಶುಲ್ಕ ಏರಿದ್ದು ಇದಕ್ಕೆ ಕಾರಣ. ಹೀಗಾಗಿ ಕಳೆದ ಐದು ವರ್ಷಗಳ ದಾಖಲಾತಿ ಸಂಖ್ಯೆಯನ್ನೂ ಶಾಲೆಗೆ ಸಾಲವಿದೆಯೇ ಎಂಬುದನ್ನೂ ಸಂಕೋಚವಿಲ್ಲದೆ ಕೇಳಿ. ಹನ್ನೊಂದನೇ ತರಗತಿಯ ನಡುವೆ ಶಾಲೆ ಮುಚ್ಚುವ ಸುದ್ದಿ ಯಾವ ಮಗುವಿಗೂ ಬರಬಾರದು.

ಧರ್ಮದ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳಿ

ಬಹಳಷ್ಟು ಪೋಷಕರು ಇದನ್ನು ಕೊನೆಗೆ ತಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದನ್ನೇ ಮೊದಲು ಇತ್ಯರ್ಥ ಮಾಡಬೇಕು, ಏಕೆಂದರೆ ಕ್ಯಾಥೊಲಿಕ್ ಶಾಲೆಯಲ್ಲಿ ಧರ್ಮವು ಪಾಠಗಳ ಅಂಚಿನಲ್ಲಿರುವ ಅಲಂಕಾರವಲ್ಲ, ಶಾಲೆ ಹುಟ್ಟಿದ ಕಾರಣವೇ ಅದು. 1884ರಲ್ಲಿ ಬಾಲ್ಟಿಮೋರ್‌ನಲ್ಲಿ ಸೇರಿದ ಅಮೆರಿಕದ ಧರ್ಮಾಧ್ಯಕ್ಷರ (ಬಿಷಪ್‌ಗಳ) ಮಹಾಸಭೆ ಪ್ರತಿ ಧರ್ಮಕೇಂದ್ರದ ಬಳಿಯೂ ಒಂದು ಶಾಲೆ ಇರಬೇಕೆಂದು ಕಟ್ಟಳೆ ಮಾಡಿತು. 1922ರಲ್ಲಿ ಆರೆಗಾನ್ ರಾಜ್ಯವು ಎಲ್ಲ ಮಕ್ಕಳೂ ಪಬ್ಲಿಕ್ ಶಾಲೆಗೇ ಹೋಗಬೇಕೆಂಬ ಕಾನೂನು ತಂದಾಗ ಅದನ್ನು ನ್ಯಾಯಾಲಯಕ್ಕೆ ಒಯ್ದವರಲ್ಲಿ ಧರ್ಮಭಗಿನಿಯರ ಒಂದು ಸಂಸ್ಥೆಯೂ ಇತ್ತು. 1925ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನನ್ನು ರದ್ದು ಮಾಡಿತು. ಮಗುವನ್ನು ಎಲ್ಲಿ ಓದಿಸಬೇಕೆಂದು ಆರಿಸುವ ಹಕ್ಕು ಇಂದು ಎಲ್ಲ ಧರ್ಮದ ಪೋಷಕರಿಗೂ ಇರುವುದಕ್ಕೆ ಆ ತೀರ್ಪೇ ಆಧಾರ.

ದಿನನಿತ್ಯದಲ್ಲಿ ಇದರ ಅರ್ಥವೇನು? ಸಾಮಾನ್ಯವಾಗಿ ನಾಲ್ಕು ವರ್ಷವೂ ಕ್ಯಾಥೊಲಿಕ್ ಧರ್ಮಶಾಸ್ತ್ರ (ಥಿಯಾಲಜಿ) ಕಡ್ಡಾಯ ವಿಷಯವಾಗಿರುತ್ತದೆ. ತರಗತಿ ಪ್ರಾರ್ಥನೆಯಿಂದ ಆರಂಭವಾಗುತ್ತದೆ, ಹಬ್ಬದ ದಿನಗಳಲ್ಲಿ ಇಡೀ ಶಾಲೆ ಬಲಿಪೂಜೆ ಎಂಬ ಸಾಮೂಹಿಕ ಆರಾಧನೆಗೆ (ಮಾಸ್) ಸೇರುತ್ತದೆ, ವರ್ಷಕ್ಕೊಮ್ಮೆ ಧ್ಯಾನಕೂಟ ಇರುತ್ತದೆ, ಹೈಸ್ಕೂಲು ಪದವಿ (ಡಿಪ್ಲೊಮಾ) ಪಡೆಯಲು ಇಷ್ಟು ಗಂಟೆ ಸಮಾಜಸೇವೆ ಮಾಡಿರಬೇಕೆಂಬ ನಿಯಮವೂ ಇರುತ್ತದೆ. ಕ್ಯಾಥೊಲಿಕರಲ್ಲದ ವಿದ್ಯಾರ್ಥಿಗಳು ದೇಶದಾದ್ಯಂತ ಸುಮಾರು ಐದರಲ್ಲಿ ಒಂದು ಭಾಗ ಇದ್ದಾರೆ. ಅವರು ಪೂಜೆಗೆ ಹಾಜರಿರಬೇಕು, ಆದರೆ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸ್ವೀಕರಿಸುವುದಿಲ್ಲ. ಮತಾಂತರವಾಗಬೇಕೆಂಬ ಷರತ್ತು ಪ್ರವೇಶಕ್ಕೆ ಇರುವುದಿಲ್ಲ. ಹಾಗಿದ್ದರೂ ವಿವಾಹ, ಲೈಂಗಿಕತೆ, ಗರ್ಭಪಾತದಂತಹ ವಿಷಯಗಳಲ್ಲಿ ಶಾಲೆ ಕ್ಯಾಥೊಲಿಕ್ ಧರ್ಮಸಭೆಯ (ಚರ್ಚಿನ) ಬೋಧನೆಯನ್ನೇ ಕಲಿಸುತ್ತದೆ. ನೀವು ಹಿಂದೂ, ಜೈನ, ಮುಸ್ಲಿಂ ಅಥವಾ ನಂಬಿಕೆಯಿಲ್ಲದ ಕುಟುಂಬದವರಾಗಿದ್ದರೆ, ಹದಿನಾಲ್ಕು ವರ್ಷದ ಮಗು ಮನೆಯಲ್ಲಿ ಒಂದು ಮಾತು, ತರಗತಿಯಲ್ಲಿ ಇನ್ನೊಂದು ಮಾತು ಕೇಳಿಸಿಕೊಂಡು ಎರಡನ್ನೂ ಗೌರವದಿಂದ ಹೊರಬಲ್ಲದೇ ಎಂದು ಯೋಚಿಸಬೇಕು. ಕೆಲವು ಮಕ್ಕಳಿಗೆ ಇದು ತಮ್ಮದೇ ಪರಂಪರೆಯ ಬಗ್ಗೆ ಪ್ರಶ್ನೆ ಕೇಳಿಕೊಳ್ಳಲು ಒಳ್ಳೆಯ ಪ್ರಚೋದನೆಯಾಗುತ್ತದೆ. ಇನ್ನು ಕೆಲವರಿಗೆ ನಾಲ್ಕು ವರ್ಷವೂ ತಾವು ಹೊರಗಿನವರೆಂಬ ಭಾವ. ನೀವು ಕ್ಯಾಥೊಲಿಕರೇ ಆಗಿದ್ದರೂ ವಿಚಾರ ಮುಗಿಯುವುದಿಲ್ಲ. ಪಬ್ಲಿಕ್ ಶಾಲೆಯಲ್ಲಿ ಓದುತ್ತ, ಧರ್ಮಕೇಂದ್ರದ ಧರ್ಮೋಪದೇಶ ತರಗತಿ ಮತ್ತು ಯುವಜನ ಸಂಘದಲ್ಲಿ ಬೆಳೆಯುವುದು ಎರಡನೇ ದರ್ಜೆಯ ದಾರಿಯೇನೂ ಅಲ್ಲ, ಆದರೆ ಆ ದಾರಿಯಲ್ಲಿ ಪೋಷಕರ ಕೆಲಸ ಹೆಚ್ಚು.

ಪಬ್ಲಿಕ್ ಶಾಲೆಯಲ್ಲಿ ಧರ್ಮಕ್ಕೆ ಜಾಗವೇ ಇಲ್ಲ ಎಂಬುದೂ ತಪ್ಪು ತಿಳಿವಳಿಕೆ. 1962ರ ಸುಪ್ರೀಂ ಕೋರ್ಟ್ ತೀರ್ಪು ತಡೆದದ್ದು ಶಾಲೆಯೇ ಪ್ರಾರ್ಥನೆ ನಡೆಸುವುದನ್ನು. ವಿದ್ಯಾರ್ಥಿ ತಾನಾಗಿ ಪ್ರಾರ್ಥಿಸಬಹುದು, ಧಾರ್ಮಿಕ ಉಡುಪು ಧರಿಸಬಹುದು, ಇತರ ಸಂಘಗಳಿಗೆ ಅವಕಾಶವಿರುವ ಕಡೆ ಧಾರ್ಮಿಕ ಸಂಘವನ್ನೂ ಕಟ್ಟಿಕೊಳ್ಳಬಹುದು.

ಕಾನೂನಿನ ರಕ್ಷಣೆ ಎಲ್ಲಿ ಎಷ್ಟು

ಇದು ಹೆಚ್ಚು ಜನರಿಗೆ ತಿಳಿಯದ, ಆದರೆ ಅತಿ ಮುಖ್ಯವಾದ ವ್ಯತ್ಯಾಸ. ಪಬ್ಲಿಕ್ ಶಾಲೆ ಸರ್ಕಾರದ ಅಂಗವಾದ್ದರಿಂದ ಸಂವಿಧಾನ ಅದನ್ನು ಕಟ್ಟಿಹಾಕುತ್ತದೆ. 1969ರ ಟಿಂಕರ್ ಪ್ರಕರಣದಲ್ಲಿ ವಿದ್ಯಾರ್ಥಿಗಳ ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು; 1975ರ ಗಾಸ್ ಪ್ರಕರಣದಲ್ಲಿ, ಅಮಾನತು ಮಾಡುವ ಮುನ್ನ ಆರೋಪವನ್ನು ತಿಳಿಸಿ ವಿದ್ಯಾರ್ಥಿಯ ಮಾತನ್ನು ಕೇಳಬೇಕೆಂದಿತು. ಖಾಸಗಿ ಶಾಲೆಗೆ ಇವು ಅನ್ವಯಿಸುವುದಿಲ್ಲ. ಅಲ್ಲಿ ನಿಮ್ಮ ಸಂಬಂಧ ಒಪ್ಪಂದದ್ದು, ಮತ್ತು ಆ ಒಪ್ಪಂದದ ಹುರುಳು ವಿದ್ಯಾರ್ಥಿ ಕೈಪಿಡಿಯಲ್ಲಿರುತ್ತದೆ. ಆದ್ದರಿಂದ ಸಹಿ ಹಾಕುವ ಮುನ್ನ ಕೈಪಿಡಿಯನ್ನು ಪೂರ್ತಿ ಓದಿ: ಯಾವ ತಪ್ಪಿಗೆ ಶಾಲೆಯಿಂದ ಹೊರಹಾಕುತ್ತಾರೆ, ಮೇಲ್ಮನವಿಗೆ ಅವಕಾಶವಿದೆಯೇ, ಕನಿಷ್ಠ ಅಂಕ ಬಾರದಿದ್ದರೆ ಏನಾಗುತ್ತದೆ, ಶಾಲೆಯ ಹೊರಗಿನ ನಡವಳಿಕೆಗೂ ನಿಯಮ ಅನ್ವಯಿಸುತ್ತದೆಯೇ. ಪೋಷಕರು ಮೆಚ್ಚುವ ಶಿಸ್ತಿನ ಒಂದು ಪಾಲು ಬರುವುದು ಈ ಅಧಿಕಾರದಿಂದಲೇ ಎಂಬುದು ನೆನಪಿರಲಿ.

ಮಗುವಿಗೆ ಕಲಿಕೆಯ ತೊಂದರೆ, ಆಟಿಸಂ, ಗಮನದ ಕೊರತೆ ಅಥವಾ ಬೇರೆ ಯಾವುದೇ ಅಂಗವೈಕಲ್ಯವಿದ್ದರೆ ಈ ಭಾಗವನ್ನು ಎರಡು ಸಲ ಓದಿ. 1975ರ ಕೇಂದ್ರ ಕಾನೂನು, ಈಗ ಐಡಿಇಎ ಎಂದು ಕರೆಯಲಾಗುವುದು, ಪಬ್ಲಿಕ್ ಶಾಲೆಯಲ್ಲಿ ಅಂತಹ ಮಗುವಿಗೆ ಉಚಿತವಾದ, ತಕ್ಕದಾದ ಶಿಕ್ಷಣದ ಹಕ್ಕನ್ನು ಕೊಡುತ್ತದೆ; ಆ ಮಗುವಿಗಾಗಿಯೇ ಬರೆದ ಐಇಪಿ ಎಂಬ ಯೋಜನೆ ಕಾನೂನಿನ ಬಲವುಳ್ಳ ದಾಖಲೆ. ಪೋಷಕರು ತಾವಾಗಿ ಖಾಸಗಿ ಶಾಲೆಗೆ ಸೇರಿಸಿದಾಗ ಆ ವೈಯಕ್ತಿಕ ಹಕ್ಕು ಜೊತೆಗೆ ಬರುವುದಿಲ್ಲ. ಡಿಸ್ಟ್ರಿಕ್ಟ್ ತನ್ನ ಕೇಂದ್ರ ಅನುದಾನದ ಒಂದು ಪಾಲನ್ನು ಖಾಸಗಿ ಶಾಲೆಯ ಮಕ್ಕಳಿಗಾಗಿ ಖರ್ಚು ಮಾಡಬೇಕಾದರೂ, ಯಾವ ಮಗುವಿಗೆ ಏನು ಸಿಗುತ್ತದೆ ಎಂಬ ಖಾತರಿ ಇಲ್ಲ. ಕೆಲವು ಕ್ಯಾಥೊಲಿಕ್ ಹೈಸ್ಕೂಲುಗಳು ಒಳ್ಳೆಯ ಕಲಿಕಾ ನೆರವಿನ ವಿಭಾಗವನ್ನು ಕಟ್ಟಿಕೊಂಡಿವೆ, ಕೆಲವು ಅದಕ್ಕೆ ಪ್ರತ್ಯೇಕ ಶುಲ್ಕ ಪಡೆಯುತ್ತವೆ, ಕೆಲವುಗಳಲ್ಲಿ ಏನೂ ಇಲ್ಲ. 'ನಾವು ಎಲ್ಲ ಮಕ್ಕಳನ್ನೂ ಪ್ರೀತಿಯಿಂದ ನೋಡಿಕೊಳ್ಳುತ್ತೇವೆ' ಎಂಬ ಮಾತಿಗೆ ತೃಪ್ತರಾಗಬೇಡಿ. ಈಗಿನ ಐಇಪಿಯ ಪ್ರತಿಯನ್ನು ಮೇಜಿನ ಮೇಲಿಟ್ಟು, ಇದರಲ್ಲಿರುವ ಯಾವ ಯಾವ ನೆರವನ್ನು ಯಾರು, ವಾರಕ್ಕೆ ಎಷ್ಟು ಗಂಟೆ ಕೊಡುತ್ತಾರೆ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಮಕ್ಕಳ ಸುರಕ್ಷತೆಯ ಬಗ್ಗೆಯೂ ನೇರವಾಗಿ ಕೇಳಬೇಕು. ಪಾದ್ರಿಗಳಿಂದಲೇ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯಗಳು ಬಯಲಾದ ಮೇಲೆ ಅಮೆರಿಕದ ಧರ್ಮಾಧ್ಯಕ್ಷರು 2002ರಲ್ಲಿ ಡಲ್ಲಾಸ್‌ನಲ್ಲಿ ಮಕ್ಕಳ ರಕ್ಷಣೆಯ ಸನ್ನದನ್ನು ಅಂಗೀಕರಿಸಿದರು. ಸಿಬ್ಬಂದಿ ಮತ್ತು ಸ್ವಯಂಸೇವಕರ ಹಿನ್ನೆಲೆ ತಪಾಸಣೆ, ತರಬೇತಿ ಅದರ ಭಾಗ. ನೀವು ನೋಡುತ್ತಿರುವ ಶಾಲೆ ಅದನ್ನು ಹೇಗೆ ಪಾಲಿಸುತ್ತಿದೆ, ದೂರು ಬಂದರೆ ಯಾರಿಗೆ ತಿಳಿಸುತ್ತದೆ ಎಂದು ವಿಚಾರಿಸಿ. ಇದೇ ಪ್ರಶ್ನೆಯನ್ನು ಪಬ್ಲಿಕ್ ಶಾಲೆಗೂ ಕೇಳಿ, ಏಕೆಂದರೆ ಅಪಾಯ ಒಂದೇ ಬಗೆಯ ಶಾಲೆಗೆ ಸೀಮಿತವಲ್ಲ.

ಓದು

ಕ್ಯಾಥೊಲಿಕ್ ಶಾಲೆಯ ಮಕ್ಕಳು ಹೆಚ್ಚು ಅಂಕ ಪಡೆಯುತ್ತಾರೆ ಎಂಬ ಮಾತಿಗೆ ಹಳೆಯ ಇತಿಹಾಸವಿದೆ. ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲಿ ಈ ನಿಲುವನ್ನು ಮುಂದಿಟ್ಟಾಗ ದೊಡ್ಡ ವಾದವೇ ನಡೆಯಿತು: ಶುಲ್ಕ ಕಟ್ಟಿ ಕಳಿಸುವ ಮನೆಯ ಮಕ್ಕಳು ಎಲ್ಲಿದ್ದರೂ ಚೆನ್ನಾಗಿ ಓದುತ್ತಿದ್ದರಲ್ಲವೇ ಎಂಬುದು ವಿಮರ್ಶಕರ ಪ್ರಶ್ನೆ. 2005ರಲ್ಲಿ ಜೋಸೆಫ್ ಆಲ್ಟೊಂಜಿ ಮತ್ತು ಇಬ್ಬರು ಅರ್ಥಶಾಸ್ತ್ರಜ್ಞರು ಆ ಪ್ರಶ್ನೆಯನ್ನೇ ಎದುರಿಟ್ಟುಕೊಂಡು ಅಧ್ಯಯನ ಮಾಡಿ, ಕ್ಯಾಥೊಲಿಕ್ ಶಾಲೆಯು ಮಗು ಹೈಸ್ಕೂಲನ್ನು ಪೂರ್ತಿ ಮುಗಿಸುವ ಸಾಧ್ಯತೆಯನ್ನು ಗಣನೀಯವಾಗಿ ಹೆಚ್ಚಿಸುತ್ತದೆ, ಆದರೆ ಪರೀಕ್ಷೆಯ ಅಂಕಗಳನ್ನು ಹೆಚ್ಚಿಸುತ್ತದೆ ಎನ್ನಲು ಪುರಾವೆ ಕಡಿಮೆ ಎಂದು ಕಂಡುಕೊಂಡರು. ಅಂಕಕ್ಕಾಗಿಯೇ ಸಾವಿರಾರು ಡಾಲರ್ ಕಟ್ಟುವ ಯೋಚನೆಯಲ್ಲಿರುವ, ಮಗು ಈಗಾಗಲೇ ಚೆನ್ನಾಗಿ ಓದುತ್ತಿರುವ ಮನೆಯವರು ಇದನ್ನು ಗಮನಿಸಬೇಕು. ದಾರಿ ತಪ್ಪುವ ಅಂಚಿನಲ್ಲಿರುವ, ಯಾರಾದರೂ ದಿನವೂ ಹೆಸರು ಹಿಡಿದು ಕರೆದು ಕೇಳಬೇಕಾದ ಮಗುವಿನ ಮಟ್ಟಿಗೆ ಲೆಕ್ಕ ಬೇರೆಯಾಗಬಹುದು.

ಪಬ್ಲಿಕ್ ಶಾಲೆಯ ಪದವಿ ಪ್ರಮಾಣ, ರಾಜ್ಯ ಪರೀಕ್ಷೆಯ ಫಲಿತಾಂಶ ಎಲ್ಲವೂ ಪ್ರಕಟವಾಗುತ್ತವೆ. ಕ್ಯಾಥೊಲಿಕ್ ಶಾಲೆ ಅಷ್ಟನ್ನು ಪ್ರಕಟಿಸಬೇಕಾಗಿಲ್ಲ, ಕೇಳಿ ಪಡೆಯಬೇಕು. ನಮ್ಮವರು ಮೊದಲು ಕೇಳುವುದು ಎಪಿ (ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ) ಕೋರ್ಸುಗಳು ಎಷ್ಟಿವೆ ಎಂದು. ಅದಕ್ಕಿಂತ ಉಪಯುಕ್ತವಾದದ್ದು, ಅವುಗಳಿಗೆ ಯಾರನ್ನು ಸೇರಿಸಿಕೊಳ್ಳುತ್ತಾರೆ, ಪರೀಕ್ಷೆಯಲ್ಲಿ 5ಕ್ಕೆ 3 ಅಥವಾ ಹೆಚ್ಚು ಪಡೆದವರು ಎಷ್ಟು ಮಂದಿ, ಎಂಟನೇ ತರಗತಿಯಲ್ಲೇ ಆಲ್‌ಜೀಬ್ರಾ ಮುಗಿಸಿದ ಮಗುವಿಗೆ ಹನ್ನೆರಡನೇ ತರಗತಿಯಲ್ಲಿ ಯಾವ ಗಣಿತ ಉಳಿದಿರುತ್ತದೆ ಎಂಬ ಪ್ರಶ್ನೆಗಳು. ದಿನಕ್ಕೆ ಏಳು ಅವಧಿಗಳಿದ್ದರೆ ನಾಲ್ಕು ವರ್ಷಕ್ಕೆ 28 ಜಾಗಗಳು. ಧರ್ಮಶಾಸ್ತ್ರಕ್ಕೆ ನಾಲ್ಕು ಹೋದರೆ, ಆರ್ಕೆಸ್ಟ್ರಾವನ್ನೂ ಎರಡನೇ ವಿಜ್ಞಾನವನ್ನೂ ಒಟ್ಟಿಗೆ ಬಯಸುವ ಮಗುವಿಗೆ ಇಕ್ಕಟ್ಟಾಗುತ್ತದೆ. ದೊಡ್ಡ ಪಬ್ಲಿಕ್ ಹೈಸ್ಕೂಲಿನಲ್ಲಿ ಭಾಷೆಗಳು, ಕಲೆ, ವೃತ್ತಿ ಶಿಕ್ಷಣದ ಆಯ್ಕೆ ಸಾಮಾನ್ಯವಾಗಿ ವಿಶಾಲ. ಆದರೆ ಎರಡು ಸಾವಿರ ಮಕ್ಕಳಿರುವ ಕಡೆ ಬಾಸ್ಕೆಟ್‌ಬಾಲ್ ತಂಡಕ್ಕೆ, ನಾಟಕದ ಮುಖ್ಯ ಪಾತ್ರಕ್ಕೆ ಸ್ಪರ್ಧೆ ಕಠಿಣ. ಐನೂರು ಮಕ್ಕಳ ಶಾಲೆಯಲ್ಲಿ ಸಾಧಾರಣ ಆಟಗಾರನಿಗೂ ಅಂಗಳದಲ್ಲಿ ಜಾಗವಿರುತ್ತದೆ. ಓದಿನ, ಕಾಲೇಜಿನ ವಿಷಯದಲ್ಲಿ ಸಲಹೆ ಕೊಡುವ ಕೌನ್ಸೆಲರ್ ಒಬ್ಬರಿಗೆ ಎಷ್ಟು ವಿದ್ಯಾರ್ಥಿಗಳು ಎಂದೂ ಕೇಳಿ. ಅವರ ವೃತ್ತಿಸಂಘ ಶಿಫಾರಸು ಮಾಡುವುದು 250 ಮಕ್ಕಳಿಗೆ ಒಬ್ಬರನ್ನು.

ಹಣದ ಲೆಕ್ಕ

ಕ್ಯಾಥೊಲಿಕ್ ಹೈಸ್ಕೂಲಿನ ಶುಲ್ಕ ಊರಿನಿಂದ ಊರಿಗೆ ಬಹಳ ಬದಲಾಗುತ್ತದೆ. ವರ್ಷಕ್ಕೆ 10 ಸಾವಿರ ಡಾಲರ್‌ನ ಆಸುಪಾಸಿನ ಶಾಲೆಗಳೂ ಇವೆ, ದೊಡ್ಡ ನಗರಗಳಲ್ಲಿ 20 ಸಾವಿರ ದಾಟುವವೂ ಇವೆ. ಮೊದಲ ವರ್ಷದ ಶುಲ್ಕವನ್ನು ನಾಲ್ಕರಿಂದ ಗುಣಿಸಿ ನಿಲ್ಲಬೇಡಿ. 15 ಸಾವಿರದಿಂದ ಆರಂಭವಾಗಿ ವರ್ಷಕ್ಕೆ ಶೇಕಡಾ 5 ಏರಿದರೆ ನಾಲ್ಕು ವರ್ಷಕ್ಕೆ ಸುಮಾರು 64,650 ಡಾಲರ್ ಆಗುತ್ತದೆ. ನೋಂದಣಿ, ಪುಸ್ತಕ, ಸಮವಸ್ತ್ರ, ಲ್ಯಾಪ್‌ಟಾಪ್, ಕ್ರೀಡಾ ಶುಲ್ಕ, ಪದವಿ ಶುಲ್ಕ ಇದರ ಮೇಲೆ. ನಿಧಿ ಸಂಗ್ರಹ ಕಾರ್ಯಕ್ರಮಗಳಲ್ಲಿ ಪೋಷಕರು ಇಷ್ಟು ಗಂಟೆ ದುಡಿಯಬೇಕು, ಇಲ್ಲವೇ ಹಣ ಕಟ್ಟಬೇಕು ಎಂಬ ನಿಯಮವೂ ಕೆಲವೆಡೆ ಉಂಟು. ಎರಡನೇ ಮಗು ಇದ್ದರೆ ಅದರ ಲೆಕ್ಕವನ್ನೂ ಇಂದೇ ಹಾಕಿ, ಕಾಲೇಜಿಗೆ ಉಳಿಸುತ್ತಿರುವ ಹಣದಿಂದ ಇದು ಹೋಗುತ್ತದೆಯೇ ಎಂಬುದನ್ನು ಪ್ರಾಮಾಣಿಕವಾಗಿ ನೋಡಿ. ಕಾಲೇಜಿನ ಮೊದಲ ವರ್ಷಕ್ಕೆ ಸಾಲ ಮಾಡಬೇಕಾಗುವಂತೆ ಹೈಸ್ಕೂಲಿಗೆ ಖರ್ಚು ಮಾಡುವುದನ್ನು ನಾನು ಸಮರ್ಥಿಸಲಾರೆ.

ಇನ್ನೊಂದು ಕಡೆ, ಪ್ರಕಟಿತ ಶುಲ್ಕವನ್ನು ನೋಡಿಯೇ ಹಿಂದೆ ಸರಿಯುವುದೂ ಆತುರವೇ. ಆದಾಯ ಆಧರಿಸಿದ ನೆರವು ಬಹುತೇಕ ಶಾಲೆಗಳಲ್ಲಿದೆ. ತೆರಿಗೆ ದಾಖಲೆಗಳೊಂದಿಗೆ ಅರ್ಜಿಯನ್ನು ಗಡುವಿನೊಳಗೆ ಸಲ್ಲಿಸಬೇಕು, ಮತ್ತು ಅದು ಪ್ರತಿ ವರ್ಷ ಹೊಸದಾಗಿ ನಿರ್ಧಾರವಾಗುತ್ತದೆಯೇ ಎಂದು ಕೇಳಬೇಕು. 1996ರಲ್ಲಿ ಶಿಕಾಗೋದಲ್ಲಿ ಆರಂಭವಾದ ಕ್ರಿಸ್ಟೋ ರೇ ಮಾದರಿಯ ಶಾಲೆಗಳಲ್ಲಿ ಕಡಿಮೆ ಆದಾಯದ ಮನೆಯ ಮಕ್ಕಳು ತಿಂಗಳಿಗೆ ಕೆಲವು ದಿನ ಕಚೇರಿಗಳಲ್ಲಿ ಕೆಲಸ ಮಾಡಿ ಶುಲ್ಕದ ದೊಡ್ಡ ಪಾಲನ್ನು ತಾವೇ ಗಳಿಸುತ್ತಾರೆ. ಅರಿಜೋನಾ 2022ರಲ್ಲಿ, ಫ್ಲೋರಿಡಾ 2023ರಲ್ಲಿ ಆದಾಯದ ಮಿತಿಯಿಲ್ಲದೆ ಖಾಸಗಿ ಶಾಲೆಗೆ ರಾಜ್ಯದ ಹಣ ಬಳಸುವ ಅವಕಾಶ ತೆರೆದವು. ಬೇರೆ ರಾಜ್ಯಗಳ ನಿಯಮ ಬೇರೆ. ಇಂತಹ ಹಣವನ್ನು ಒಪ್ಪಿಕೊಂಡರೆ ಕೆಲವು ರಾಜ್ಯಗಳಲ್ಲಿ ಮೇಲೆ ಹೇಳಿದ ಅಂಗವಿಕಲ ಮಗುವಿನ ಹಕ್ಕುಗಳನ್ನು ಬಿಟ್ಟುಕೊಡಬೇಕಾಗುತ್ತದೆ ಎಂಬುದನ್ನು ಮರೆಯಬಾರದು. ಶಿಕ್ಷಣಕ್ಕೆಂದೇ ಇರುವ 529 ಉಳಿತಾಯ ಖಾತೆಯಿಂದ ಶಾಲಾ ಶುಲ್ಕಕ್ಕೆ ವರ್ಷಕ್ಕೆ 10 ಸಾವಿರ ಡಾಲರ್‌ವರೆಗೆ ಕೇಂದ್ರ ತೆರಿಗೆಯಿಲ್ಲದೆ ತೆಗೆಯಬಹುದಾಗಿತ್ತು. 2026ರಿಂದ ಆ ಮಿತಿ 20 ಸಾವಿರ. ಕೆಲವು ರಾಜ್ಯಗಳು ಇದಕ್ಕೆ ತಮ್ಮ ತೆರಿಗೆ ಹಾಕುತ್ತವೆ.

ಪ್ರಯಾಣವೂ ಖರ್ಚೇ. ನ್ಯೂಯಾರ್ಕ್, ನ್ಯೂಜೆರ್ಸಿ, ಪೆನ್ಸಿಲ್ವೇನಿಯಾದಂತಹ ರಾಜ್ಯಗಳಲ್ಲಿ ನಿಗದಿತ ದೂರದೊಳಗಿನ ಖಾಸಗಿ ಶಾಲೆಯ ಮಕ್ಕಳಿಗೂ ಬಸ್ಸಿನ ಅಥವಾ ಬಸ್ ವೆಚ್ಚದ ಸೌಲಭ್ಯವಿದೆ. ಅಂತಹ ವ್ಯವಸ್ಥೆ ಇಲ್ಲದ ಕಡೆ ಬೆಳಿಗ್ಗೆ, ಸಂಜೆ ಯಾರು ಕಾರು ಓಡಿಸುತ್ತಾರೆ ಎಂಬುದನ್ನು ತಂದೆತಾಯಿ ಮೊದಲೇ ಹಂಚಿಕೊಳ್ಳಬೇಕು.

ನೋಡಿ ಬರುವುದು, ಅರ್ಜಿ ಹಾಕುವುದು

ಎಂಟನೇ ತರಗತಿಯ ಸೆಪ್ಟೆಂಬರ್‌ನಿಂದ ನವೆಂಬರ್ ನಡುವೆ ಹೆಚ್ಚಿನ ಕ್ಯಾಥೊಲಿಕ್ ಶಾಲೆಗಳು ಓಪನ್ ಹೌಸ್ ನಡೆಸುತ್ತವೆ. ಅಲ್ಲಿ ಕಾಣುವುದು ಶಾಲೆಯ ಹಬ್ಬದ ಮುಖ. ಸಾಮಾನ್ಯ ದಿನದ ಮುಖ ಕಾಣಬೇಕಾದರೆ ಮಗು ಒಬ್ಬ ವಿದ್ಯಾರ್ಥಿಯ ಜೊತೆ ಇಡೀ ದಿನ ಕಳೆಯುವ ಶ್ಯಾಡೋ ಡೇಗೆ ಹೆಸರು ಕೊಡಿ. ಪಬ್ಲಿಕ್ ಶಾಲೆ ತಾನಾಗಿ ಕರೆಯದಿದ್ದರೂ ಕೌನ್ಸೆಲರ್‌ಗೆ ಬರೆದು ಭೇಟಿಗೆ ಅವಕಾಶ ಕೇಳಿ. ಊಟದ ಹೊತ್ತಿನಲ್ಲಿ ಒಂಟಿಯಾಗಿ ಕುಳಿತ ಮಕ್ಕಳು ಎಷ್ಟು, ತಪ್ಪು ಉತ್ತರ ಹೇಳಿದ ವಿದ್ಯಾರ್ಥಿಗೆ ಶಿಕ್ಷಕರು ಏನೆಂದರು, ಶೌಚಾಲಯಕ್ಕೆ ಹೋಗಲು ಮಕ್ಕಳು ಹೆದರುತ್ತಾರೆಯೇ ಎಂದು ಮಗುವನ್ನು ಆ ಸಂಜೆಯೇ ಕೇಳಿ. ಕ್ಯಾಥೊಲಿಕ್ ಹೈಸ್ಕೂಲುಗಳಲ್ಲಿ ಹುಡುಗರದ್ದೇ ಅಥವಾ ಹುಡುಗಿಯರದ್ದೇ ಶಾಲೆಗಳು ಇನ್ನೂ ಅನೇಕ ಇವೆ. ಅದರ ಬಗ್ಗೆ ಪೋಷಕರಿಗಿಂತ ಮಗುವಿನ ಅಭಿಪ್ರಾಯಕ್ಕೆ ತೂಕ ಹೆಚ್ಚಿರಬೇಕು.

ಪ್ರವೇಶಕ್ಕೆ ಅನೇಕ ಕಡೆ ಎಚ್‌ಎಸ್‌ಪಿಟಿ ಎಂಬ ಪರೀಕ್ಷೆ ಇದೆ. ಭಾಷಾ ತರ್ಕ, ಸಂಖ್ಯಾ ತರ್ಕ, ಓದು, ಗಣಿತ, ಭಾಷೆ ಎಂಬ ಐದು ಭಾಗಗಳಲ್ಲಿ 298 ಪ್ರಶ್ನೆಗಳು, ಸುಮಾರು ಎರಡೂವರೆ ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು, ವೇಗವೇ ಇಲ್ಲಿನ ಕಷ್ಟ. ನ್ಯೂಯಾರ್ಕ್ ನಗರದ ಸುತ್ತ ಟ್ಯಾಕ್ಸ್ (TACHS) ಎಂದು ಕರೆಯುವ ಬೇರೆ ಪರೀಕ್ಷೆ ಬಳಕೆಯಲ್ಲಿದೆ. ಎರಡನೇ ಸಲ ಬರೆಯಬಹುದೇ, ಬರೆದರೆ ಯಾವ ಅಂಕ ಪರಿಗಣಿಸುತ್ತಾರೆ ಎಂದು ಆಯಾ ಶಾಲೆಯಲ್ಲೇ ಕೇಳಿ.

ಈ ನಡುವೆ ಪಬ್ಲಿಕ್ ಹೈಸ್ಕೂಲಿನ ಒಂಬತ್ತನೇ ತರಗತಿಯ ವಿಷಯ ಆಯ್ಕೆಯ ನಮೂನೆಯೂ ಚಳಿಗಾಲದಲ್ಲಿ ಬರುತ್ತದೆ. ಕ್ಯಾಥೊಲಿಕ್ ಶಾಲೆ ಖಚಿತವೆಂದು ಅನಿಸಿದ್ದರೂ ಅದನ್ನು ಜಾಗ್ರತೆಯಿಂದ ತುಂಬಿ ಕಳಿಸಿ. ನೆರವಿನ ಮೊತ್ತ ಬರಹದಲ್ಲಿ ಕೈಸೇರುವವರೆಗೆ ಮುಂಗಡ ಕಟ್ಟಬೇಡಿ. ಆ ಹಣ ಸಾಮಾನ್ಯವಾಗಿ ಹಿಂದಿರುಗುವುದಿಲ್ಲ, ಮತ್ತು ವರ್ಷದ ನಡುವೆ ಬಿಟ್ಟರೂ ಇಡೀ ವರ್ಷದ ಶುಲ್ಕ ಕೊಡಬೇಕೆಂಬ ಷರತ್ತು ಒಪ್ಪಂದದಲ್ಲಿರಬಹುದು. ಮುಂದೆ ಶಾಲೆ ಬದಲಿಸುವ ಸಂದರ್ಭ ಬಂದರೆ ಒಂಬತ್ತನೇ ತರಗತಿ ಮುಗಿದ ಬೇಸಿಗೆಯೇ ಅನುಕೂಲದ ಸಮಯ. ಅದಕ್ಕೂ ತಡವಾದರೆ ಕೋರ್ಸುಗಳ ಸರಣಿ ಹೊಂದುವುದಿಲ್ಲ, ಮತ್ತು ಅನೇಕ ರಾಜ್ಯಗಳ ಕ್ರೀಡಾ ಸಂಘಗಳು ಶಾಲೆ ಬದಲಿಸಿದ ವಿದ್ಯಾರ್ಥಿಯನ್ನು ಕೆಲಕಾಲ ಪಂದ್ಯಗಳಿಂದ ಹೊರಗಿಡುತ್ತವೆ. ಮಗು ಆಡುವ ಹುಡುಗನೋ ಹುಡುಗಿಯೋ ಆಗಿದ್ದರೆ ಆ ನಿಯಮವನ್ನು ಮುಂಗಡ ಕಟ್ಟುವ ಮೊದಲೇ ಓದಿಕೊಳ್ಳಿ.